ಹನ್ನೊಂದೂವರೆ ವೋಲ್ಟ್

ಮಾರ್ಚ್ ೧೪, ಗುರುವಾರ.

ದೋಣಿಯ ಬ್ಯಾಟರಿ ಸಂಜೆಗೆ ಹನ್ನೊಂದೂವರೆ ವೋಲ್ಟಿಗೆ ಇಳಿದಿತ್ತು, ಹೆಚ್ಚುಕಡಿಮೆ ಖಾಲಿ. ದಿನವಿಡೀ ಸುಡುಬಿಸಿಲು; ನಾನೂ ಅಣ್ಣನೂ ಅದಕ್ಕೆ ಹೆದರಿ ಕೆಳಗೆ ಕ್ಯಾಬಿನ್ನಿನಲ್ಲೇ ಕೂತಿದ್ದೆವು. ಆದರೂ ಸೋಲಾರಿನಿಂದ ಏನೂ ಬಂದಿರಲಿಲ್ಲ. ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಫ್ರಿಜ್ಜು ರಾವಣನ ಹೊಟ್ಟೆ ಕಣೋ! ರಾತ್ರಿ ಕಂಬದ ದೀಪ ಆರಿ ಯಾವುದಾದ್ರೂ ಹಡಗು ಗುದ್ದಿದ್ರೆ, ತಣ್ಣೀರು ಕುಡ್ಕೊಂಡು ಮುಳುಗು," ಎಂದು ಅಣ್ಣನ ಮೇಲೆ ಹರಿಹಾಯ್ದೆ.

ಅವನು ಎದ್ದು ಫ್ರಿಜ್ಜು ಆರಿಸಿದ.

ಆಮೇಲೆ ಬೆಳಿಗ್ಗೆ ಒಗೆದು ಹಾಕಿದ್ದ ನನ್ನ ಬೆಡ್‌ಶೀಟು ತರಲು ಮೇಲೆ ಹೋದೆ. ಹಗ್ಗದಿಂದ ಜಾರಿ ಸೋಲಾರ್ ಪ್ಯಾನೆಲ್ ಮೇಲೆ ಬಿದ್ದಿತ್ತು. ಮೂಲೆಗೆ ನೆರಳು ಬಿದ್ದರೂ ಪ್ಯಾನೆಲ್ ಸೋಲುತ್ತದೆ ಎಂದು ಅಣ್ಣನಿಗೆ ಪಾಠ ಹೇಳಿದವಳು ನಾನೇ!

ಕೆಳಗಿಳಿದರೆ ಅಣ್ಣ ತನ್ನ ಇನ್ಸುಲಿನ್ ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವು ಫ್ರಿಜ್ಜಿನಲ್ಲಿವೆ ಎಂಬುದೇ ನನಗೆ ಮರೆತುಹೋಗಿತ್ತು.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಮತ್ತೆ ಅವನ ಮೇಲೇ ರೇಗಿದೆ.

"ನೀನು ಬಾಯಿ ಮುಚ್ಚಿದ್ರೆ ತಾನೇ," ಎಂದ.

ಒಳಗಿನ ದೀಪಗಳನ್ನೆಲ್ಲ ಆರಿಸಿ ಫ್ರಿಜ್ಜು ಹಾಕಿದ್ದೇನೆ. ಟಾರ್ಚ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಯಾರ ಮೇಲೆ ಎಂದು ಗೊತ್ತಿದ್ದರೂ.

ಬೆಡ್‌ಶೀಟಿನ ವಿಷಯ ಅವನಿಗೆ ಹೇಳಿಲ್ಲ. ಅದನ್ನೇ ಹೊದ್ದು ಮಲಗಿದ್ದೇನೆ. ಗರಿಗರಿಯಾಗಿ ಒಣಗಿದೆ, ಹಾಳಾದ್ದು.