ಬೂದು ಕುದುರೆಯ ಚಾಳಿ

೧೯೫೭, ಫೆಬ್ರವರಿ ೪, ಬೆಳಗ್ಗೆ

ನಮ್ಮ ಕುದುರೆ ದಳದ ಗೋಡೆಪತ್ರಿಕೆಗೆ ನಾನು ಬರೆದ ಎರಡು ಸಾಲು: "ಹಿಮ ಸುರಿದರೂ ಎದೆ ಬೆಚ್ಚಗೆ, ನಮ್ಮ ಸವಾರ ನಿಂತ ನೆಟ್ಟಗೆ." ಅಂಟಿಸುತ್ತಿದ್ದೆ. ಕ್ಯಾಪ್ಟನ್ ಶಾಗ್ದರ್ ಬಂದ.

"ನಿಂತವನು ಎಲ್ಲಿ ಮಾರಾಯಾ? ಗೊಂಚಿಗ್ ಓಡಿಹೋಗಿದಾನೆ. ಬೂದು ಕುದುರೆ ಸಮೇತ."

ಅಪ್ಪನಿಗೆ ಹುಷಾರಿಲ್ಲವೆಂದು ರಜೆ ಕೇಳಿ ಕೇಳಿ ಸೋತ ಸಿಪಾಯಿ. ಮನೆ ದೇಶದ ಪಶ್ಚಿಮ ತುದಿಯಲ್ಲಿ. ಶನಿವಾರ ಇನ್‌ಸ್ಪೆಕ್ಷನ್. ಅಷ್ಟರಲ್ಲಿ ಸಿಗದಿದ್ದರೆ ಮಿಲಿಟರಿ ಕೋರ್ಟು, ಜೈಲು. ಶಾಗ್ದರ್ ಸವಾರರನ್ನು ಪಶ್ಚಿಮಕ್ಕೆ ಅಟ್ಟಿದ. ನಾನು ಸುಮ್ಮನೆ ದಕ್ಷಿಣಕ್ಕೆ ಹೊರಟೆ. ಈ ಹಿಮದಲ್ಲಿ ದಾರಿ ಹಿಡಿಯುವುದು ಸವಾರನಲ್ಲ, ಕುದುರೆ. ಕುದುರೆ ಹೋಗುವುದು ತಾನು ಹುಟ್ಟಿದ ಹುಲ್ಲಿಗೆ, ದಕ್ಷಿಣದ ದಾರಿಗಂಗಕ್ಕೆ.

ಫೆ. ೬, ದಾರಿಗಂಗ

ಸಿಕ್ಕ. ಕುದುರೆಯನ್ನು ಸೈನ್ಯಕ್ಕೆ ಕೊಟ್ಟಿದ್ದ ಮುದುಕಿ ಪಗ್ಮಾಳ ಡೇರೆಯಲ್ಲಿ. ಒಲೆ ಮುಂದೆ, ಉಪ್ಪಿನ ಚಹಾ ಹೀರುತ್ತ.

"ಪಶ್ಚಿಮಕ್ಕೆ ಹೊರಟಿದ್ನಂತೆ, ಪಾಪ!" ಪಗ್ಮಾ ನಕ್ಕಳು. "ನನ್ ಕುದುರೆ ಜನರಲ್ ಮಾತೇ ಕೇಳಲ್ಲ, ಇವನ್ದು ಕೇಳತ್ತಾ?"

ಗೊಂಚಿಗ್‌ಗೆ ಹೇಳಿದೆ: "ಕುದುರೆ ಕಿತ್ಕೊಂಡು ಓಡ್ತು. ನೀನು ಬೆನ್ನಟ್ಟಿ ಹಿಡಿದೆ. ತಿಳೀತಾ?"

"ಇಲ್ಲ ಕಾಮ್ರೇಡ್. ನಾನೇ ಓಡಿದ್ದು."

"ಕತ್ತೆ! ಸುಳ್ಳು ಹೇಳೋಕೂ ನಿನಗೆ ಡ್ರಿಲ್ ಬೇಕಾ?"

ಪಗ್ಮಾಳ ನಗು ನಿಂತಿತು. "ಓಡೋ ಚಾಳಿ ಇರೋ ಕುದುರೇನ ನೀವು ಏನ್ಮಾಡ್ತೀರಪ್ಪಾ?"

ಉತ್ತರ ಅವಳಿಗೂ ಗೊತ್ತಿತ್ತು. ಚಹಾ ಚೆನ್ನಾಗಿದೆ ಎಂದೆ.

ಫೆ. ೯

ಇನ್‌ಸ್ಪೆಕ್ಷನ್ ಮುಗಿಯಿತು. ಓಡುವ ಚಾಳಿಯ ಕುದುರೆ, ಬೆನ್ನಟ್ಟಿ ಹಿಡಿದ ಸವಾರ ಎಂಬ ನನ್ನ ವರದಿ ಒಪ್ಪಿದರು; ದಾರಿಗಂಗದ ಹೆಸರು ಅದರಲ್ಲಿಲ್ಲ. ಗೊಂಚಿಗ್‌ಗೆ ಬಹುಮಾನ, ಕುದುರೆಗೆ ಅವಸಾನ — ಮಾಂಸದ ಕಾರ್ಖಾನೆ. ಪ್ರಾಸ ತಾನಾಗಿ ಕೂಡಿತು. ಗೋಡೆಪತ್ರಿಕೆಗೆ ಹಾಕಲಿಲ್ಲ.

ಅಲ್ಲಿಗೆ ಒಯ್ಯುವ ಡ್ಯೂಟಿಯೂ ಗೊಂಚಿಗ್‌ಗೇ. ಹಿಡಿದು ತಂದವನಲ್ಲವೇ! ಹೊರಡುವಾಗ ನನ್ನ ಮುಖ ನೋಡಿದ. ಬೂಟಿನ ಹಿಮ ಒದರಿಕೊಂಡೆ.

ಫೆ. ೧೩, ಮಧ್ಯಾಹ್ನ

ಗೊಂಚಿಗ್ ನಡೆದುಕೊಂಡು ಬಂದ. ಕೈಯಲ್ಲಿ ಬರೀ ಲಗಾಮು.

"ಕುದುರೆ ಎಲ್ಲೋ?" ಶಾಗ್ದರ್ ಗುಡುಗಿದ.

"ಓಡ್ತು ಕಾಮ್ರೇಡ್. ಅದಕ್ಕೆ ಆ ಚಾಳಿ ಇದೆಯಲ್ಲ, ವರದೀಲೇ ಇದೆ." ಕಣ್ಣು ಮಿಟುಕಿಸಲಿಲ್ಲ.

"ಈ ಸಲ ಬೆನ್ನಟ್ಟಲಿಲ್ವಾ, ಶೂರ?"

"ಬೆನ್ನಟ್ಟಿದೆ. ಅದು ಗೆಲ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಾಗ್ದರ್ ನನ್ನತ್ತ ತಿರುಗಿದ. ಸವಾರರು ಬಂದೂಕು ಹಿಡಿದು ಸಿದ್ಧ, ಕುದುರೆಯನ್ನು ಕಂಡಲ್ಲಿ ಹೊಡೆದುಹಾಕಲಿ ಎಂದ. "ಚಾಳಿ ಬರೆದವನು ನೀನು. ಎಲ್ಲಿ ಹುಡುಕಬೇಕು, ಅದನ್ನೂ ನೀನೇ ಬರಿ." ಕಾಗದ ಇಟ್ಟು ಹೋದ.

ಶಾಯಿ ಹೆಪ್ಪುಗಟ್ಟಿತ್ತು. ಒಲೆ ಹತ್ತಿರ ಇಟ್ಟೆ, ಕರಗಿತು. ಗೊಂಚಿಗ್ ಬಾಗಿಲಲ್ಲೇ ನಿಂತಿದ್ದಾನೆ, ನೆಟ್ಟಗೆ. ಆದೇಶದಲ್ಲಿ ಅಕ್ಷರ ನಡುಗಬಾರದು. ಮೊದಲು ಈ ದಿನಚರಿಯಲ್ಲೊಮ್ಮೆ ಬರೆದು ಕೈ ಪಳಗಿಸಿಕೊಳ್ಳುತ್ತೇನೆ: ಪಶ್ಚಿಮಕ್ಕೆ.