ಕೋಟೆ ಆಟದ ಕೊನೇ ಬಾಗಿಲು

ನಮ್ಮ ಕಟಿಂಗ್ ಶಾಪ್, ಬೆಂಚಿನ ಮೇಲಿಂದ
ಭಾನುವಾರ, ೮ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಊಟ ಸೇರುತ್ತಾ? ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತೆ ಅಂತಿದ್ದೆಯಲ್ಲ, ಈಗ ಪರವಾಗಿಲ್ಲವಾ? ಕೈ ಹೇಗಿದೆ ಅಂತಲೂ ಕೇಳುತ್ತಿದ್ದೇನೆ. ಫೋನಿನಲ್ಲಿ ಇದನ್ನು ಕೇಳಿದ ತಕ್ಷಣ ನೀನು ಫೋನನ್ನು ಮೊಮ್ಮಗಳ ಕೈಗೆ ದಾಟಿಸಿಬಿಡುತ್ತೀಯ. ಅವಳು ತನ್ನ ಬೊಂಬೆಗೆ ಜ್ವರ ಬಂದ ಕಥೆ ಶುರು ಮಾಡುತ್ತಾಳೆ, ನನ್ನ ಕರೆನ್ಸಿ ಅಲ್ಲಿಗೆ ಮುಗಿಯುತ್ತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅವಳಿಗೆ ದಾಟಿಸಿದರೂ ಪ್ರಯೋಜನವಿಲ್ಲ, ಅವಳಿಗಿನ್ನೂ ಓದಲು ಬರುವುದಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಆದ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಆಗಲೂ ಅರ್ಧಕ್ಕೆ ಎದ್ದು ಬಂದಿದ್ದೆ, ನಿನಗೆ ಗೊತ್ತು. ಇದನ್ನಾದರೂ ಮುಗಿಸುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ತಟ್ಟೆಯನ್ನು ಈಗಲೂ ದಿನಾ ತೊಳೆದು ಇಡುತ್ತಾಳೆ, ಯಾಕೆ ಅಂತ ಕೇಳಿದರೆ "ಧೂಳು ಕೂತ್ಕೊಳ್ಳುತ್ತೆ, ನಿನಗೇನು ಕಷ್ಟ" ಅಂತ ನನ್ನ ಮೇಲೇ ಹಾರುತ್ತಾಳೆ. ನಾನು ಟೈರ್ ಅಂಗಡಿಯ ಕೆಲಸ ಇನ್ನೂ ಬಿಟ್ಟಿಲ್ಲ, ಗಾಬರಿಯಾಗಬೇಡ. ಮೊಬೈಲ್ ಅಂಗಡಿ, ಬೇಕರಿ ಎಲ್ಲ ಬಿಟ್ಟ ಹಾಗೆ ಇದನ್ನೂ ಬಿಡುತ್ತೇನೆ ಅಂತ ಅಮ್ಮ ಕಾಯುತ್ತಿದ್ದಾಳೆ. ಈಗ ಚಕ್ರದ ಬ್ಯಾಲೆನ್ಸ್ ನೋಡುವುದನ್ನು ಪೂರ್ತಿ ನನಗೇ ಬಿಟ್ಟಿದ್ದಾರೆ. ಭಾನುವಾರ ರಜೆ. ರಜೆಯ ದಿನ ಬಂದು ನಮ್ಮ ಶಾಪಿನ ಶಟರ್ ಎತ್ತಿ, ಕಸ ಗುಡಿಸಿ, ಕನ್ನಡಿ ಒರೆಸಿ, ಸುಮ್ಮನೆ ಕೂರುತ್ತೇನೆ. ಶಟರ್ ಸದ್ದು ಕೇಳಿ ಡ್ರಾಯಿಂಗ್ ಮೇಷ್ಟ್ರು ಪ್ರತೀ ಸಲ ಬಂದು ಇಣುಕುತ್ತಾರೆ. ನೀನು ಅಕ್ಕನ ಮನೆಗೆ ಹೋದ ಮೇಲೆ ಅವರು ಬೇರೆ ಯಾರ ಕುರ್ಚಿಯಲ್ಲೂ ಕೂತಿಲ್ಲ. ಗಡ್ಡ ಎದೆಯವರೆಗೂ ಬಂದಿದೆ. "ಸಾರ್, ಕೈಯಲ್ಲೊಂದು ಕಮಂಡಲ ಹಿಡ್ಕೊಂಡ್ರೆ ಜನ ಕಾಲಿಗೆ ಬೀಳ್ತಾರೆ" ಅಂದೆ. "ನಿಮ್ಮಪ್ಪ ಬರೋವರೆಗೆ ಯಾರ್ ಬೀಳ್ತಾರೋ ಬೀಳಲಿ ಬಿಡಪ್ಪ" ಅಂದರು.

ಈಗ ಸುದ್ದಿಗೆ ಬರುತ್ತೇನೆ. ಶಾಪಿನ ಟಿವಿಯಲ್ಲಿ ಆಡುತ್ತಿದ್ದೆವಲ್ಲ, ನಮ್ಮ ಕೋಟೆ ಆಟ, ಆ ವಿಡಿಯೋ ಗೇಮಿನ ಎರಡನೇ ಭಾಗ ಬರುತ್ತಿದೆ ಅಪ್ಪಾ. ನಿಜವಾಗಿಯೂ. ಇಷ್ಟು ವರ್ಷ ಮುಂದಕ್ಕೆ ಹಾಕಿ, ಮುಂದಕ್ಕೆ ಹಾಕಿ, ಕೊನೆಗೆ ಬರುವ ಶುಕ್ರವಾರ ಅಂತ ಗಟ್ಟಿಯಾಗಿದೆ. "ನಾನು ಹೋಗೋದ್ರೊಳಗೆ ಅದು ಬರುತ್ತೋ ಇಲ್ವೋ?" ಅಂತ ನೀನು ತಮಾಷೆ ಮಾಡುತ್ತಿದ್ದೆ. ಬಂತು. ಬೆಳಿಗ್ಗೆಯೇ ಆಟದ ಅಂಗಡಿ ಮುಂದೆ ಸಾಲು ನಿಲ್ಲುತ್ತಾರಂತೆ. ನಾನು ಒಂದು ತಿಂಗಳ ಮುಂಚೆಯೇ ಟೈರ್ ಅಂಗಡಿಯ ಓನರ್ ಹತ್ತಿರ ಶುಕ್ರವಾರಕ್ಕೆ ರಜೆ ಕೇಳಿಟ್ಟಿದ್ದೆ. ಯಾಕೆ ಅಂತ ಕೇಳಿದರು. "ಮನೆಯಲ್ಲಿ ಕಾರ್ಯ ಇದೆ" ಅಂದೆ. ನಮ್ಮಿಬ್ಬರಿಗೆ ಅದು ಕಾರ್ಯಕ್ಕಿಂತ ಹೆಚ್ಚೇ ಅಲ್ಲವಾ?

ಈ ಎರಡನೇ ಭಾಗಕ್ಕೆ ಎಲ್ಲರೂ ತಯಾರಿ ಮಾಡಿಕೊಳ್ಳುತ್ತಿದ್ದಾರೆ. ಯಾಕೆಂದರೆ ಮೊದಲ ಭಾಗದಲ್ಲಿ ನಾವು ಏನೇನು ಮಾಡಿದೆವೋ ಅದೆಲ್ಲ ಇದಕ್ಕೆ ದಾಟಿ ಬರುತ್ತದೆ. ಯಾರನ್ನು ಉಳಿಸಿದೆವು, ಯಾರಿಗೆ ಸುಳ್ಳು ಹೇಳಿದೆವು, ಎಲ್ಲವನ್ನೂ ಅಲ್ಲಿನ ಜನ ನೆನಪಿಟ್ಟುಕೊಂಡಿರುತ್ತಾರಂತೆ. ಹಿಂದೆ ಮೇಷ್ಟ್ರು "ಏನಯ್ಯಾ ಇದು, ಬರೀ ಹೊಡೆದಾಟನಾ?" ಅಂತ ಕೇಳಿದ್ದಾಗ ನೀನು ಅವರ ಕೆನ್ನೆಗೆ ನೊರೆ ಹಚ್ಚುತ್ತಾ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಹೊಡೆದಾಟ ಮಗನ ಡಿಪಾರ್ಟ್‌ಮೆಂಟು ಸಾರ್. ನಂದು ಮಾತುಕತೆ. ನಾವೇ ಒಬ್ಬ ಮನುಷ್ಯ ಆಗಿ ಊರೂರು ತಿರುಗೋದು. ಒಂದೂರಲ್ಲಿ ಆಡಿದ ಮಾತು ಮುಂದಿನೂರಿಗೆ ನಮಗಿಂತ ಮುಂಚೆ ಹೋಗಿರುತ್ತೆ." ಇಡೀ ಬೀದಿಯ ಸುದ್ದಿ ತಲೆಗೂದಲಿನ ಜೊತೆ ನಿನ್ನ ಕಾಲ ಬಳಿಯೇ ಬೀಳುತ್ತಿತ್ತಲ್ಲ, ಅದಕ್ಕೇ ನಿನಗೆ ಈ ಆಟ ನೋಡಿದ ತಕ್ಷಣ ಅರ್ಥವಾಯಿತು. ಕಾಯುವ ಹುಡುಗರು ಗಲಾಟೆ ಮಾಡದೆ ಕೂರಲಿ ಅಂತ ನೀನೇ ಸೆಕೆಂಡ್ ಹ್ಯಾಂಡ್ ಆಟದ ಮಿಷನ್ ತಂದು ಟಿವಿಗೆ ಹಾಕಿದೆ. ಆಮೇಲೆ ಹುಡುಗರೇ ನಿನಗಾಗಿ ಕಾಯುವ ಹಾಗಾಯಿತು.

ನಾನೂ ತಯಾರಿ ಶುರು ಮಾಡಿದೆ. ಟೈರ್ ಅಂಗಡಿಯಲ್ಲಿ ನನ್ನ ಜೊತೆ ಇರುವವನೊಬ್ಬ, ಎಲ್ಲರೂ ಪಂಕ್ಚರ್ ಅಂತಲೇ ಕರೆಯುತ್ತಾರೆ, ಅವನು ವಿಡಿಯೋ ನೋಡಿಕೊಂಡು ಒಂದೂ ತಪ್ಪಿಲ್ಲದ ಹಾಗೆ ಮೊದಲ ಭಾಗ ಮತ್ತೆ ಆಡಿ ಮುಗಿಸಿದ್ದಾನೆ. ನಾನೂ ಹಾಗೇ ಹೊಸದಾಗಿ ಶುರು ಮಾಡಿದೆ. ಇಲ್ಲಿ ಇದನ್ನು ಹೇಳು, ಅಲ್ಲಿ ಅದನ್ನು ಕೊಡು ಅಂತ ವಿಡಿಯೋ ಹೇಳುತ್ತೆ, ನಾನು ಒತ್ತುತ್ತಾ ಹೋದೆ. ಬೇಗ ಬೇಗ ಮುಂದೆ ಹೋಯಿತು, ಆದರೆ ರುಚಿಯೇ ಇಲ್ಲ. ನಿನ್ನ ಜೊತೆ ಆಡುವಾಗ ಒಂದು ಊರು ದಾಟಲು ಒಂದು ವಾರ ಹಿಡಿಯುತ್ತಿತ್ತು. "ಊರಿಗೆ ಬಂದ್ಮೇಲೆ ನಾಲ್ಕು ಜನರನ್ನ ಮಾತಾಡಿಸದೆ ಹೋಗ್ತಾರೇನೋ?" ಅಂತ ಬಾವಿ ಕಟ್ಟೆಯ ಅಜ್ಜಿಯಿಂದ ಹಿಡಿದು ಕುದುರೆ ಲಾಯದವನವರೆಗೆ ಎಲ್ಲರ ಹತ್ತಿರವೂ ನಿಲ್ಲಿಸುತ್ತಿದ್ದೆ. ಪರದೆಯ ಮೇಲಿನ ಇಂಗ್ಲಿಷನ್ನು ನಾನು ಓದಿ ಹೇಳಬೇಕು, ನೀನು ಯೋಚನೆ ಮಾಡಿ ಉತ್ತರ ಆರಿಸಬೇಕು. ಅರ್ಧ ನನಗೇ ಅರ್ಥವಾಗುತ್ತಿರಲಿಲ್ಲ, ನಾನೇ ಏನಾದರೂ ಹೊಸೆದು ಹೇಳುತ್ತಿದ್ದೆ. ನಿನಗೂ ಅದು ಗೊತ್ತಾಗುತ್ತಿತ್ತು. "ಆ ಅಜ್ಜಿ ಇಷ್ಟುದ್ದ ಮಾತಾಡಿದ್ಳು, ನೀನು ಎರಡೇ ಮಾತಲ್ಲಿ ಮುಗಿಸಿದೆಯಲ್ಲೋ, ಮಧ್ಯದ್ದು ಎಲ್ಲಿ ತಿಂದೆ?" ಅಂತಿದ್ದೆ. ಇವತ್ತು ಅದೇ ಅಜ್ಜಿಯ ಮುಂದೆ ನಿಂತಿದ್ದೆ ಅಪ್ಪಾ. ಪೂರ್ತಿ ಓದಿದೆ. ಅವಳು ಗಂಡನ ಬಗ್ಗೆ ಹೇಳುತ್ತಿದ್ದಳಂತೆ. ನಾನು ನಿನಗೆ ಹಸುವಿನ ಬಗ್ಗೆ ಅಂತ ಹೇಳಿದ್ದೆ.

ಸಾಕಾಗಿ ಅದನ್ನು ಬಿಟ್ಟು ನಮ್ಮ ಹಳೇ ಆಟ ತೆರೆದೆ. ನೀನು ನಿಲ್ಲಿಸಿದ್ದ ಕಡೆಯೇ ನಿಂತಿದೆ, ಕೋಟೆಯ ಕೊನೇ ಬಾಗಿಲ ಮುಂದೆ. ನೆನಪಿದೆಯಲ್ಲ, ಆ ಬಾಗಿಲು ಮುಚ್ಚಿಕೊಳ್ಳದ ಹಾಗೆ ಯಾರಾದರೂ ಒಬ್ಬರು ಸರಪಳಿ ಎಳೆದು ಹಿಡಿದು ಹೊರಗೇ ನಿಲ್ಲಬೇಕು, ಉಳಿದವರು ಒಳಗೆ ಹೋಗಬೇಕು. ನಿಂತವರು ಮತ್ತೆ ಬರುವುದಿಲ್ಲ. ನಮ್ಮ ಗುಂಪಿನ ಬಿಲ್ಲಿನ ಹುಡುಗಿಯನ್ನು ನಿಲ್ಲಿಸೋಣ ಅಂತ ನಾನಂದರೆ, "ನಿನ್ನಕ್ಕನ ಥರ ಇದಾಳೆ ಕಣೋ" ಅಂದೆ ನೀನು. ಒಕ್ಕಣ್ಣಿನ ಮುದುಕ ವೈದ್ಯ ಅಂದರೆ, "ವಯಸ್ಸಾದವನನ್ನ ಬಿಟ್ಟು ಹೋದ್ರು ಅಂತ ಜನ ಆಡ್ಕೊಳ್ಳಲ್ವಾ?" ಅಂದೆ. ಆ ದಡ್ಡ ದೈತ್ಯನನ್ನು ನಿಲ್ಲಿಸೋಣ ಅಂದರೆ, "ಪಾಪ, ಅವನಿಗೆ ಹೇಳಿದ್ರೂ ಅರ್ಥ ಆಗಲ್ಲ" ಅಂದೆ. ಕೊನೆಗೆ "ನಮ್ಮ ಹೀರೋನೇ ನಿಲ್ಲಲಿ, ಅವನಿಗಾದ್ರೆ ನಾವು ಹೇಳಬಹುದು" ಅಂದೆ. ಹಾಗೆ ನಿಲ್ಲಿಸುವುದಕ್ಕೆ ಆಟದಲ್ಲಿ ಬರುವುದಿಲ್ಲ ಅಂತ ನಾನು ಹೇಳಿದೆ. "ಹಾಗಿದ್ರೆ ಇರ್ಲಿ ಬಿಡು, ಇನ್ನೊಂದೆರಡು ಊರು ನೋಡ್ಕೊಂಡು ಬರೋಣ" ಅಂತ ನೀನು ವಾಪಸ್ ತಿರುಗಿಸಿಕೊಂಡು ಬಂದೆ. ಇಡೀ ಕೋಟೆ ಹೊತ್ತಿ ಉರಿಯುತ್ತಿದೆ, ನೀನು ಮೀನು ಹಿಡಿಯುವವನ ಹತ್ತಿರ ಹೋಗಿ ಮಾತಿಗೆ ನಿಂತೆ! ನಗು ಬರುತ್ತೆ ನೆನೆಸಿಕೊಂಡರೆ. ಆದರೆ ಮುಗಿಸದ ಆಟವನ್ನು ಎರಡನೇ ಭಾಗ ತೆಗೆದುಕೊಳ್ಳುವುದಿಲ್ಲ. ಮುಗಿಸಲೇಬೇಕು.

ಇನ್ನೊಂದು ವಿಷಯ ಇದೆ. ಅದನ್ನು ಬರೆಯಬೇಕೋ ಬೇಡವೋ ಅಂತ ಎದ್ದು ಎರಡು ಸಲ ಬೀದಿ ಸುತ್ತಿ ಬಂದೆ. ಹೋದ ವರ್ಷ ಆಟದಲ್ಲಿ ಬಂದ ಹಗ್ಗದ ಸೇತುವೆ ಅಪ್ಪಾ. ಮೇಷ್ಟ್ರ ಗಡ್ಡ ನೆನೆಯಲಿ ಅಂತ ನೊರೆ ಹಚ್ಚಿ ಬಿಟ್ಟು, ನೀನು ಹೀರೋನನ್ನು ಸೇತುವೆ ದಾಟಿಸಲು ಕೂತಿದ್ದೆ. ಅವನು ಎಡಕ್ಕೆ ವಾಲಿ ವಾಲಿ ಬೀಳುತ್ತಿದ್ದ. ನಾನು "ಅಪ್ಪಾ, ನಿನ್ನ ಹೀರೋ ಎಣ್ಣೆ ಹಾಕ್ಕೊಂಡು ಬಂದಿದಾನೆ" ಅಂದೆ. ಮೇಷ್ಟ್ರು ನಕ್ಕು ನೊರೆ ನುಂಗಿದರು. "ಹ್ಯಾಂಡಲ್ ಹಳೇದಾಯ್ತು ಕಣೋ" ಅಂದೆ ನೀನು. ಕಂಟ್ರೋಲರನ್ನು ನೀನು ಹ್ಯಾಂಡಲ್ ಅಂತಲೇ ಕರೆಯುತ್ತಿದ್ದೆ. ನಾನೂ ನಂಬಿದೆ. ಹೆಬ್ಬೆರಳ ಕೆಳಗಿನ ಗುಂಡಿ ಸವೆದರೆ ಹೀರೋ ತನ್ನಷ್ಟಕ್ಕೆ ನಡೆಯುವುದು ಉಂಟು, ಎಲ್ಲರ ಮನೆಯಲ್ಲೂ ಆಗುತ್ತೆ. ಬಿಚ್ಚಿ ಸ್ಪ್ರೇ ಹೊಡೆದು ಒರೆಸಿ ಹಾಕಿದೆ. ನನ್ನ ಕೈಯಲ್ಲಿ ನೆಟ್ಟಗೆ ನಡೆದ, ನಿನ್ನ ಕೈಯಲ್ಲಿ ವಾಲಿದ. ರಿಪೇರಿಯವನ ಹತ್ತಿರ ತೆಗೆದುಕೊಂಡು ಹೋದೆ. ಅವನು ಹಾಕಿ ನೋಡಿ, "ಇದಕ್ಕೇನೂ ಆಗಿಲ್ಲ ಗುರು. ಯಾರು ಆಡೋದು?" ಅಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಲಸ ಬರದವನು ಅಂತ ಬೈದು, ಹೊಸದನ್ನೇ ತಂದೆ. ಹೊಸದರಲ್ಲೂ ವಾಲಿದ. "ಈಗಿನ ಮಾಲೇ ಹಿಂಗೆ" ಅಂದೆ ನೀನು. "ಹೂಂ, ಎಲ್ಲ ಡೂಪ್ಲಿಕೇಟು" ಅಂದೆ ನಾನು. ಇಬ್ಬರೂ ಟಿವಿ ನೋಡಿಕೊಂಡೇ ಅಂದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಾಗೇ ವರ್ಷ ಕಳೆದುಹೋಯಿತು. ಆಗಲೇ ಡಾಕ್ಟರ ಹತ್ತಿರ ಹೋಗಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ, ಓದಿದವನಲ್ಲ. ನನಗೆ ಗೊತ್ತಿರುವುದು ಇಷ್ಟೇ. ದಿನಾ ಜನ ಗಾಡಿ ತಂದು "ಎಲ್ಲೋ ಅಲ್ಲಾಡುತ್ತೆ, ನೋಡಪ್ಪ" ಅಂತಾರೆ. ಚಕ್ರ ತಿರುಗಿಸಿ, ಕೈ ಇಟ್ಟು, ಇಂಥಾ ಕಡೆ ಅಂತ ಹೇಳುತ್ತೇನೆ. ಓನರ್ ಮೆಚ್ಚಿಕೊಳ್ಳುತ್ತಾರೆ. ಒಂದು ಗೇಣು ದೂರದಲ್ಲಿ ನೀನು ಕೂತಿದ್ದೆ, ನಾನು ಸ್ಕ್ರೂಡ್ರೈವರ್ ಹಿಡಿದು ಕಂಟ್ರೋಲರ್ ಬಿಚ್ಚುತ್ತಿದ್ದೆ.

ಮೇಷ್ಟ್ರ ಕಿವಿಯ ಹತ್ತಿರ ನಿನ್ನ ಕ್ಷೌರದ ಕತ್ತಿ ತಾಗಿದ ದಿನ ನಾನು ಶಾಪಿನಲ್ಲಿ ಇರಲಿಲ್ಲ. ಆಮೇಲೆ ಅವರೇ ಹೇಳಿದರು. "ಸೊಳ್ಳೆ ಕಚ್ಚಿದ್ರೂ ಇಷ್ಟು ರಕ್ತ ಬರುತ್ತಪ್ಪಾ, ನಾನು ಒಂದು ಮಾತೂ ಅನ್ನಲಿಲ್ಲ. ಅವನೇ ನೀಟಾಗಿ ಮುಗಿಸಿ, ಪೌಡರ್ ಹಾಕಿ, ಕತ್ತಿ ಒರೆಸಿ ಡ್ರಾದಲ್ಲಿಟ್ಟ" ಅಂದರು. ನೀನು ಮನೆಗೆ ಬಂದು "ಮೊಮ್ಮಗಳನ್ನ ನೋಡ್ಕೊಂಡು ಬರ್ತೀನಿ" ಅಂತ ಬ್ಯಾಗ್ ತುಂಬಿದೆ. ಬಸ್ ಹತ್ತಿಸಲು ಬಂದ ನಾನು ದಾರಿಯುದ್ದಕ್ಕೂ ಎರಡನೇ ಭಾಗ ಯಾವಾಗ ಬರುತ್ತೆ ಅಂತ ಮಾತಾಡಿದೆ. ಬೇರೆ ಏನಾದರೂ ಕೇಳಬೇಕಿತ್ತು. ನೀನು ಕಿಟಕಿಯಿಂದ ಕೈ ಬೀಸಲಿಲ್ಲ, ತಲೆ ಮಾತ್ರ ಆಡಿಸಿದೆ. ಅದ್ಯಾಕೆ ಅಂತ ಮನೆಗೆ ಬಂದು ಮಲಗಿದ ಮೇಲೆ ಹೊಳೆಯಿತು.

ಅಕ್ಕ ಎಲ್ಲ ಹೇಳುತ್ತಾಳೆ. ಎಲ್ಲರದ್ದೂ ಊಟ ಆದ ಮೇಲೆ ಒಬ್ಬನೇ ಕೂತು ಉಣ್ಣುತ್ತೀಯಂತೆ. ಮನೆಗೆ ಯಾರಾದರೂ ಬಂದರೆ ಸೆಕೆಯಲ್ಲೂ ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳುತ್ತೀಯಂತೆ. ಡಾಕ್ಟರ ಮಾತೆತ್ತಿದರೆ "ವಯಸ್ಸಾದ್ಮೇಲೆ ಎಲೆನೂ ಅಲ್ಲಾಡುತ್ತೆ" ಅಂತ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುತ್ತೀಯಂತೆ. ಯಾಕಪ್ಪಾ? ಯಾರ ಮುಂದೆ ನಾಚಿಕೆ? ಊರೆಲ್ಲ ತಲೆ ಬಗ್ಗಿಸಿ ನಿನ್ನ ಮುಂದೆ ಕೂತಿದೆ, ಬೋಳು, ಬಿಳಿ, ಹೊಟ್ಟು ಎಲ್ಲ ನೋಡಿದ್ದೀಯ, ಒಬ್ಬರದ್ದನ್ನೂ ಇನ್ನೊಬ್ಬರ ಹತ್ತಿರ ಆಡಿದವನಲ್ಲ. ನಿನ್ನದನ್ನು ನಾವು ಆಡುತ್ತೇವಾ?

ಪಂಕ್ಚರ್ ಹೇಳುತ್ತಾನೆ, ಆ ಮುದುಕ ವೈದ್ಯನನ್ನು ಬಾಗಿಲಲ್ಲಿ ನಿಲ್ಲಿಸಿಬಿಡು, ಎರಡನೇ ಭಾಗದಲ್ಲಿ ಅವನಿಂದ ಏನೂ ಉಪಯೋಗ ಇಲ್ಲವಂತೆ ಅಂತ. ಕಂಟ್ರೋಲರ್ ಹಿಡಿದು ಬಹಳ ಹೊತ್ತು ಕೂತೆ. ಒತ್ತಲು ಆಗಲಿಲ್ಲ. ಒತ್ತುವವನು ನಾನೇ ಆದರೂ ಆರಿಸುವವನು ನೀನು ತಾನೇ. ಯಾರನ್ನು ನಿಲ್ಲಿಸಲಿ ಅಂತ ನೀನೇ ಹೇಳು. ಯಾರ ಹೆಸರು ಹೇಳಿದರೂ ಯಾಕೆ ಅಂತ ಕೇಳುವುದಿಲ್ಲ.

ಅಮ್ಮ ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ಉಪ್ಪು ಕಡಿಮೆ ಹಾಕಿಸಿಕೊಳ್ಳಬೇಕಂತೆ. ಮೇಷ್ಟ್ರು ಗಡ್ಡದ ಸಮೇತ ನಮಸ್ಕಾರ ಹೇಳಿದ್ದಾರೆ. ಅಕ್ಕ ಭಾವನಿಗೆ ನನ್ನ ನಮಸ್ಕಾರ, ಪುಟ್ಟಿಗೆ ಮುದ್ದು, ಅವಳ ಬೊಂಬೆಗೆ ಬೇಗ ಜ್ವರ ಬಿಡಲಿ. ನಿನ್ನ ಕಾಲಿಗೆ ಬಿದ್ದು ನಿಲ್ಲಿಸುತ್ತೇನೆ.

ನಿನ್ನ ಮಗ,
ಪಾದರಸ
(ಈ ಹೆಸರು ಇಟ್ಟವನೂ ನೀನೇ, ಒಂದು ಕಡೆ ನಿಲ್ಲುವುದಿಲ್ಲ ಅಂತ. ನೋಡು, ಕಾಗದ ಮುಗಿಸಿದ್ದೇನೆ.)

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬೇಗ ಬೇಗ ಬರೆಯುತ್ತಿದ್ದೇನೆ, ಈಗ ಡಬ್ಬಕ್ಕೆ ಹಾಕಿದರೆ ನಾಳೆ ಹೊರಡುತ್ತೆ. ಶುಕ್ರವಾರದ ಸಾಲಿನ ನನ್ನ ಜಾಗವನ್ನು ಪಂಕ್ಚರ್‌ಗೆ ಕೊಟ್ಟೆ. ಗುರುವಾರ ಸಂಜೆಯ ಬಸ್ಸಿಗೆ ನಾನು ಅಲ್ಲಿಗೆ ಬರುತ್ತಿದ್ದೇನೆ. ಶುಕ್ರವಾರಕ್ಕೆ ಅಕ್ಕ ನರದ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದಾಳೆ. ನಿನಗೆ ಹೇಳಬೇಡ ಅಂದಿದ್ದಳು, ಹೇಳಿದರೆ ವಾಕಿಂಗ್ ಹೊರಟುಬಿಡುತ್ತೀಯ ಅಂತ. ಆದರೆ ನಿನಗೆ ಗೊತ್ತಿಲ್ಲದ ಹಾಗೆ ಕರೆದುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಹೊರಡುವುದಾದರೆ ಹೊರಡು ಅಪ್ಪಾ, ನಾನೂ ಹಿಂದೆಯೇ ನಡೆದು ಬರುತ್ತೇನೆ, ಸುಸ್ತಾದ ಮೇಲೆ ಇಬ್ಬರೂ ಅಲ್ಲಿಂದಲೇ ಹೋಗೋಣ. ಡಾಕ್ಟರ ಹತ್ತಿರ ಹೋಗಬೇಕು ಅಂತ ಗಡ್ಡ ಮಾತ್ರ ನೀನೇ ಮಾಡಿಕೊಳ್ಳಬೇಡ. ಡ್ರಾದಿಂದ ಬ್ರಷ್ಷು, ಕತ್ತಿ ಎರಡನ್ನೂ ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ನಾನೇ ಮಾಡುತ್ತೇನೆ. ನಿನ್ನಷ್ಟು ನಯವಾಗಿ ಬರುವುದಿಲ್ಲ. ಬೈಯುತ್ತಾ ಕೂತಿರು.