ಮೌಂಟ್ ರಾಸ್ಕಿಲ್‌ನ ಚೀನೀ ದಳಪತಿಗಳು

3 ಸೆಪ್ಟೆಂಬರ್ 2006, ಭಾನುವಾರ

ಬೆಳಗ್ಗೆ ಏಳಕ್ಕೆ ಏವಂಡೇಲ್ ಸಂತೆ. ಮೆಂತ್ಯ ಮೂರು ಕಟ್ಟು, ಮೂಲಂಗಿ, ಹಸಿಮೆಣಸು. ಮಯೂರಿ ಆಗಲೇ ಬಂದಿದ್ದಳು. ಒಂದೇ ಅಂಗಡಿಯ ಮುಂದೆ ಗುರುತೇ ಇಲ್ಲದವರ ಹಾಗೆ ನಿಂತು, ಸೊಪ್ಪು ಆರಿಸುತ್ತಾ ಮಾತಾಡಿದೆವು. ಹತ್ತು ತಿಂಗಳಿಂದ ಇದೇ ಗತಿ. ನಲವತ್ತೆಂಟು ವರ್ಷದ ಹೆಂಗಸು ನಾನು, ಗೆಳತಿಯ ಜೊತೆ ಕದ್ದು ಮಾತಾಡಬೇಕು! ಗಂಡಂದಿರ ಘನತೆ ಉಳಿಯಬೇಕಲ್ಲ!

ಮಾಡಿದ್ದೆಲ್ಲ ಇವರೇ, ನನ್ನ ಗಂಡ ಗುರುರಾಜ್. ಕನ್ನಡ ಸಂಘದ ಹೋದ ರಾಜ್ಯೋತ್ಸವದ ಊಟದ ಹೊತ್ತು. ಕೈಗೆ ಮೈಕ್ ಸಿಕ್ಕಿದ್ದೇ ತಡ, ನೂರೈವತ್ತು ಜನರ ಎದುರಿಗೆ — "ಮನೋಹರನಿಗೆ ಆಫೀಸಲ್ಲೂ ನಾನೇ ಕೆಲಸ ಕಲಿಸಿದ್ದು, ಸಂಘದಲ್ಲೂ ನಾನೇ ಕಲಿಸ್ಬೇಕು ನೋಡಿ!" ತಮಾಷೆಯಂತೆ. ಮಯೂರಿಯ ಗಂಡ ಮನೋಹರ ತಟ್ಟೆ ಬಿಟ್ಟು ಎದ್ದು ಹೋದ. ಆವತ್ತಿನಿಂದ ಅವರ ಮನೆಗೆ ನಾವಿಲ್ಲ, ನಮ್ಮ ಮನೆಗೆ ಅವರಿಲ್ಲ.

ಇವತ್ತು ಮಯೂರಿ ಮೂಲಂಗಿ ನೋಡುತ್ತಲೇ ಅಂದಳು — "ಭಾನಕ್ಕ, ಇವ್ರು ಬ್ರಿಸ್ಬೇನಿಗೆ ಹೋಗೂಣು ಅನ್ಲಿಕ್ಕತ್ತಾರ. ಇಲ್ಲೆ ಮರ್ಯಾದಿ ಇಲ್ಲ ಅಂತ. ನನಗ ಒಟ್ಟ ಮನಸ್ಸಿಲ್ರೀ."

ಅಮ್ಮ ತೀರಿಹೋದಾಗ ಊರಿಗೆ ಹೋಗಲು ನನಗೆ ಟಿಕೆಟ್ ಸಿಗಲಿಲ್ಲ. ಹನ್ನೊಂದು ದಿನ ಇವಳು ನಮ್ಮ ಮನೆಯಲ್ಲೇ ಮಲಗಿದಳು. ರೊಟ್ಟಿ ಬಡಿದು ಉಣ್ಣಿಸಿದಳು. ಈ ದೇಶದಲ್ಲಿ ನನಗೆ ಇರುವವಳು ಇವಳೊಬ್ಬಳು. ಇವಳನ್ನು ಕಳಿಸಲ್ಲ. ಖಂಡಿತ ಕಳಿಸಲ್ಲ.

9 ಸೆಪ್ಟೆಂಬರ್, ಶನಿವಾರ

ಸಂಘದ ಅಧ್ಯಕ್ಷ ರಾಮಮೂರ್ತಿ ಅಂಕಲ್ ಫೋನ್. ರಾಜ್ಯೋತ್ಸವಕ್ಕೆ ಐತಿಹಾಸಿಕ ನಾಟಕ ಬೇಕಂತೆ. "ನೀನು ಕಾಲೇಜಲ್ಲಿ ಆಡಿಸ್ತಿದ್ದೆ ಅಲ್ವೇನಮ್ಮ?"

ಒಪ್ಪಿಕೊಂಡೆ. ಇಬ್ಬರನ್ನೂ ಒಂದೇ ಸ್ಟೇಜ್ ಹತ್ತಿಸುತ್ತೇನೆ. ಎದುರುಬದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು "ನಿನ್ನನ್ನು ನಂಬಿದೆ" ಎಂದು ಹೇಳುವ ಹಾಗೆ ಬರೆಯುತ್ತೇನೆ. ಹೇಳದೆ ಎಲ್ಲಿ ಹೋಗುತ್ತಾರೆ?

ಆದರೆ ಯಾವ ಕಥೆ? ಚಾಲುಕ್ಯರು ಎಂದರೆ ಮೈಸೂರಿನವರು ಮುಖ ಊದಿಸುತ್ತಾರೆ. ಹೊಯ್ಸಳರು ಎಂದರೆ ಧಾರವಾಡದವರು ಚಪ್ಪಾಳೆ ತಟ್ಟಲ್ಲ. ವಿಜಯನಗರವಾದರೆ ಎರಡೂ ಕಡೆಯವರು "ನಮ್ಮದು" ಎಂದು ಇನ್ನೊಂದು ಯುದ್ಧ ಶುರು ಮಾಡುತ್ತಾರೆ. ಥೂ!

14 ಸೆಪ್ಟೆಂಬರ್

ಸ್ಕೂಲಿನ ಸ್ಟಾಫ್‌ರೂಮಿನಲ್ಲಿ ದಾರಿ ಸಿಕ್ಕಿತು. ನನ್ನ ಜೊತೆಯ ಸಹಾಯಕ ಟೀಚರ್ ಲಿನ್, ಚೀನಾದವಳು, ಊಟದ ಹೊತ್ತಿನಲ್ಲಿ ಹಳೆಯ ಕಾಲದ ದಳಪತಿಗಳ ಸೀರಿಯಲ್ ಕಥೆ ಹೇಳುತ್ತಾಳೆ. ಚೀನಾ! ಅಲ್ಲಿ ಯಾರ ನೆಂಟರೂ ಇಲ್ಲ.

ಇಬ್ಬರು ದಳಪತಿಗಳು, ಹನ್ನೆರಡು ವರ್ಷದ ಯುದ್ಧ. ಕೊನೆಗೆ ಒಂದು ಡೇರೆ, ಒಂದು ಬಟ್ಟಲು ಮದ್ಯ. ವಿಷ ಇರಬಹುದು. ನಂಬಿ ಕುಡಿಯಬೇಕು. ಜನ ಅಳಬೇಕು. ಮೊದಲು ಉತ್ತರದ ದಳಪತಿ, ದಕ್ಷಿಣದ ದಳಪತಿ ಎಂದು ಬರೆದೆ. ಹೊಡೆದು ಹಾಕಿದೆ. ಪೂರ್ವ, ಪಶ್ಚಿಮ.

24 ಸೆಪ್ಟೆಂಬರ್, ಭಾನುವಾರ

ಇಬ್ಬರೂ ಒಪ್ಪಿದರು. ಹೇಗೆ? "ನೀವು ಮಾಡದಿದ್ರೆ ಆ ಪಾತ್ರ ಅವರಿಗೆ ಹೋಗುತ್ತೆ" ಎಂದು ಇಬ್ಬರಿಗೂ ಹೇಳಿದೆ.

ಷರತ್ತು ಕೇಳಬೇಕು! ಜೊತೆಗೆ ರಿಹರ್ಸಲ್ ಮಾಡಲ್ಲವಂತೆ. ಮಂಗಳವಾರ ರಾಮಮೂರ್ತಿ ಅಂಕಲ್ ಗ್ಯಾರೇಜಿನಲ್ಲಿ ಮನೋಹರ, ಗುರುವಾರ ಇವರು. ಎದುರಾಳಿಯ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಇವರು ಕುರ್ಚಿಗೆ ಕತ್ತಿ ತೋರಿಸಿ ಗರ್ಜಿಸುತ್ತಾರೆ. ಮನೋಹರ ಅದೇ ಕುರ್ಚಿಗೆ "ಎಲೈ ಕಪಟಿ" ಎನ್ನುತ್ತಾನೆ. ಎಷ್ಟು ಆವೇಶ ಅಂತೀನಿ! ಮಗಳು ಗಾನವಿ ಪ್ರಾಂಪ್ಟರ್. ಬಿದ್ದು ಬಿದ್ದು ನಗುತ್ತಾಳೆ. "ಅಮ್ಮಾ, ಇಟ್ಸ್ ಹಿಲೇರಿಯಸ್!" ನಗುವ ವಿಷಯವಲ್ಲ ಇದು. ಬೈದೆ.

8 ಅಕ್ಟೋಬರ್

ತಲೆ ಸಿಡಿಯುತ್ತಿದೆ. ಇವರು ಡೈಲಾಗ್ ಎಣಿಸಿದ್ದಾರೆ! "ಅವನಿಗೆ ನಲವತ್ತೊಂದು, ನನಗೆ ಮೂವತ್ತೆಂಟು. ಏನೇ ಇದು?" ಮೂರು ಸೇರಿಸಿದೆ. ಮಂಗಳವಾರ ಮನೋಹರ — "ವೈನೀ, ನಂದೇನರ ತಪ್ಪಾಗೇದೇನ್ರಿ? ಅವ್ರಿಗೆ ಮೂರು ಹೆಚ್ಚಿಗಿ ಮಾಡೀರಂತ?" ಯಾರು ಹೇಳಿದರೋ. ಎರಡೂ ಕಡೆ ಗೂಢಚಾರರಿದ್ದಾರೆ.

ಸೈನಿಕರ ವಿಷಯ ಇನ್ನೂ ಘೋರ. ನಾನು ಬರೆದದ್ದು ತಲಾ ಇಬ್ಬರು. ಇವರು ನಾಲ್ವರನ್ನು ತಂದರು. ಮನೋಹರ ಹುಬ್ಬಳ್ಳಿ ಕಡೆಯ ಐವರನ್ನು. ಇವರು ಆಫೀಸಿನ, ಇದೇ ದೇಶದ ಇಬ್ಬರು ಬಿಳಿಯರನ್ನೂ ಸೇರಿಸಿದರು. ಕನ್ನಡ ಬರದಿದ್ದರೂ ಪರವಾಗಿಲ್ಲ, ಎತ್ತರ ಇದ್ದಾರಂತೆ! ಈಗ ಹನ್ನೊಂದು, ಹನ್ನೊಂದು. ಹಾಲ್‌ನ ಸ್ಟೇಜ್ ಹದಿನಾರು ಅಡಿ. ಸೈನ್ಯದ ಅರ್ಧ ಮೆಟ್ಟಿಲ ಮೇಲೆ ನಿಲ್ಲಬೇಕು.

ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿ ಹಾಳೆ ಕತ್ತರಿಸಿ ಇಪ್ಪತ್ನಾಲ್ಕು ಕವಚ ಹೊಲಿಯುತ್ತಿದ್ದೇನೆ. ಬೆರಳೆಲ್ಲ ಸೂಜಿ ಚುಚ್ಚಿದ ಗಾಯ. ಕೇಳುವವರಿಲ್ಲ.

22 ಅಕ್ಟೋಬರ್, ಭಾನುವಾರ

ಸಂತೆಯಲ್ಲಿ ಮಯೂರಿ. ಮನೋಹರ ಬ್ರಿಸ್ಬೇನಿನ ಕೆಲಸಕ್ಕೆ ಅರ್ಜಿ ಹಾಕಿದ್ದಾನಂತೆ. ಇಂಟರ್‌ವ್ಯೂ ಕೂಡ ಆಯಿತಂತೆ. ಕಣ್ಣಲ್ಲಿ ನೀರು. ನನ್ನ ಉಪಾಯ ಹೇಳಲಿಲ್ಲ. ಫಲಿಸಿದ ಮೇಲೆ ಹೇಳೋಣ ಎಂದುಕೊಂಡೆ.

ಲಿನ್ ಎರಡು ಗಡ್ಡ ಕೊಟ್ಟಳು. ಒಂದು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. ಗಲಾಟೆ ಆಗುವ ಮೊದಲೇ ಕತ್ತರಿ ಹಾಕಿದೆ.

5 ನವೆಂಬರ್, ಭಾನುವಾರ, ಬೆಳಗ್ಗೆ

ನಿನ್ನೆ ನಾಟಕ. ಏನು ಬರೆಯಲಿ! ಮೈ ಉರಿಯುತ್ತಿದೆ. ಆದರೂ ಬರೆಯುತ್ತೇನೆ.

ಮೊದಲ ಎರಡು ದೃಶ್ಯ ಸರಿಯಾಗಿತ್ತು. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮೂರನೆಯದು ಡೇರೆ. ಕುರ್ಚಿಯ ಬದಲು ನಿಜವಾದ ಮನುಷ್ಯ, ಮೊದಲ ಸಲ. ಯಾರು ಮೊದಲು ತಲೆ ಬಾಗಬೇಕು ಎಂದು ಒಂದು ತಿಂಗಳು ವಾದ ನಡೆದು, ಗಾನವಿ ವಿಂಗ್‌ನಿಂದ ಮೂರು ಎಣಿಸುವುದು, ಇಬ್ಬರೂ ಒಟ್ಟಿಗೆ ಬಾಗುವುದು ಎಂದು ಒಪ್ಪಂದವಾಗಿತ್ತು. ಎಣಿಸಿದಳು. ಬಾಗಿದರು. ಡಬ್! ತಲೆಗೆ ತಲೆ. ಎದ್ದು ನೋಡಿದರೆ ಮನೋಹರನ ಗಡ್ಡ ಇವರ ಕವಚಕ್ಕೆ ಸಿಕ್ಕಿ ನೇತಾಡುತ್ತಿದೆ.

ನಗುವಿಗೆ ಹಾಲ್ ಎದ್ದು ಬಿತ್ತು. ನಾನು ವಿಂಗ್‌ನಲ್ಲಿ ಹಣೆ ಹಣೆ ಚಚ್ಚಿಕೊಂಡೆ.

ಮನೋಹರ ಬೋಳು ಗಲ್ಲ ಸವರಿಕೊಂಡು — "ಪಶ್ಚಿಮದ ದಳಪತೀ, ಗಡ್ಡಾ ಕಿತ್ಕೊಂಡ್ರಿ. ಇನ್ನ ರಾಜ್ಯಾನೂ ಬೇಕೇನ್ರಿ?"

ಇದು ನಾನು ಬರೆದ ಮಾತಲ್ಲ!

ಇವರು ಗಡ್ಡ ಬಿಡಿಸಿ, ಧೂಳು ಕೊಡವಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಮೊದ್ಲು ಇದನ್ನ ಅಂಟಿಸ್ಕೊಳ್ಳಿ ಸಾರ್. ರಾಜ್ಯದ ವಿಷಯ ಆಮೇಲೆ ಮಾತಾಡೋಣ."

ಅಲ್ಲಿಗೆ ಮುಗಿಯಿತು. ವಿಷದ ಬಟ್ಟಲು ಬಂತು. ಜನ ಅಳಬೇಕಾದ ಜಾಗ. ಮನೋಹರ ಕೈ ಅಡ್ಡ ಹಿಡಿದು — "ಬ್ಯಾಡ್ರಿ, ಈಗರೇ ಮನ್ಯಾಗ ಆತು." ಇವರು — "ಹಾಗಂದ್ರೆ ಹೇಗೆ? ನಮ್ಮ ಡೇರೆಗೆ ಬಂದು ಏನೂ ತಗೊಳ್ದೆ ಹೋಗೋದುಂಟಾ?" "ಹಂಗಾರ ಅರ್ಧಾ ಹಾಕ್ರಿ. ಸಕ್ರಿ ಕಡಿಮಿ." "ವಿಷಕ್ಕೆ ಸಕ್ಕರೆ ಹಾಕಲ್ಲ ನಾವು!" ಸ್ಟೇಜ್ ಮೇಲೂ ಮೆಟ್ಟಿಲ ಮೇಲೂ ಇದ್ದ ಇಪ್ಪತ್ತೆರಡು ಸೈನಿಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಕನ್ನಡ ಬರದ ಬಿಳಿಯರೂ ಸೇರಿ. ಹದಿನೇಳು ನಿಮಿಷ! ಕೊನೆಗೆ ಒಂದೇ ಬಟ್ಟಲಲ್ಲಿ ಇಬ್ಬರೂ ಕುಡಿದು, ಭುಜದ ಮೇಲೆ ಕೈ ಹಾಕಿಕೊಂಡು ನಿಂತರು. "ನಿನ್ನನ್ನು ನಂಬಿದೆ" ಎಂಬ ಮಾತು ಇಬ್ಬರಿಗೂ ಮರೆತೇ ಹೋಗಿತ್ತು.

ರಾಮಮೂರ್ತಿ ಅಂಕಲ್ ಶಾಲು ಹೊದಿಸಿ "ಇಂಥ ಕಾಮಿಡಿ ನಾನು ನೋಡೇ ಇಲ್ಲ ಕಣಮ್ಮ" ಅಂದರು. ಕಾಮಿಡಿ! ಮೂರು ಸಲ ತಿದ್ದಿ ಬರೆದಿದ್ದೆ. ಬರೆಯುವಾಗ ಅತ್ತಿದ್ದೆ. ಮುಖಕ್ಕೆ ಹೊಡೆದ ಹಾಗಾಯಿತು.

ಆದರೆ ಊಟಕ್ಕೆ ಇಬ್ಬರೂ ಪಕ್ಕಪಕ್ಕ ಕೂತರು. ಇವರೇ ಮನೋಹರನ ಎಲೆಗೆ ಹೋಳಿಗೆ ಬಡಿಸಿ, "ಹೋದ ವರ್ಷ ನಾನು ಹಾಗೆ ಅನ್ನಬಾರದಿತ್ತು" ಅಂದರಂತೆ. ಮಯೂರಿ ಓಡಿ ಬಂದು ಹೇಳಿದಳು. ಎಲ್ಲರ ಎದುರಿಗೇ ಅಪ್ಪಿಕೊಂಡಳು. ಹೋಗಲಿ, ನಾಟಕ ಹಾಳಾದರೆ ಆಗಲಿ.

6 ನವೆಂಬರ್

ಸಂಜೆ ಮಯೂರಿ ಮನೆಗೆ ಬಂದಳು. ಮುಂಬಾಗಿಲಿಂದ! ರೊಟ್ಟಿ, ಎಣಗಾಯಿ. ಎರಡು ಗಂಟೆ ಬಾಯಿ ಮುಚ್ಚಲಿಲ್ಲ ಇಬ್ಬರೂ. ಬ್ರಿಸ್ಬೇನ್ ಸುದ್ದಿ ಎತ್ತಲಿಲ್ಲ ಅವಳು. ನಾನೂ ಎತ್ತಲಿಲ್ಲ.

19 ನವೆಂಬರ್

ಮನೋಹರ ಈ ವಾರ ನಮ್ಮ ಮನೆಗೆ ನಾಲ್ಕನೆಯ ಸಲ. ದಳಪತಿಗಳು ಹಾಲ್‌ನಲ್ಲಿ ಕೂತು ಅದೇ ಡೈಲಾಗ್ ಹೇಳಿಕೊಂಡು ನಗುವುದು. ಒಂದು ವರ್ಷ ನಮ್ಮನ್ನು ಗೋಳು ಹೊಯ್ದುಕೊಂಡಿದ್ದು ಯಾರೋ ಬೇರೆಯವರು ಅನ್ನಬೇಕು. ಸಿಟ್ಟು ಬರುತ್ತೆ. ಆದರೆ ಅಡುಗೆಮನೆಯಲ್ಲಿ ಮಯೂರಿ ಇರುತ್ತಾಳೆ. ಸಾಕು.

10 ಡಿಸೆಂಬರ್, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತು, ಅನ್ನ ಕಲಸುತ್ತಾ, ಇವರು —

"ಮನೋಹರಂಗೆ ಬ್ರಿಸ್ಬೇನ್ ಕೆಲಸ ಆಯ್ತು ಕಣೇ. ಹಳೇ ಬಾಸ್ ರೆಫರೆನ್ಸ್ ಬೇಕು ಅಂದಿದ್ರಂತೆ. ನನ್ನ ಕೇಳೋಕೆ ಆಗದೆ ಹಾಗೇ ಬಿಟ್ಟಿದ್ದ ಪಾಪ. ಈಗ ಕೇಳ್ದ. ಇಪ್ಪತ್ತು ನಿಮಿಷ ಫೋನಲ್ಲಿ ಹೊಗಳಿದೀನಿ!"

ಸೌಟು ಕೈಯಲ್ಲೇ ನಿಂತಿತು. ಮರ್ಯಾದೆ ಸಿಕ್ಕಿತಲ್ಲ, ಇನ್ನು ಯಾಕೆ ಹೋಗುತ್ತಾನೆ ಎಂದೆ.

"ಅಯ್ಯೋ, ಹೋಗ್ಬೇಕು ಅಂತ ಆಗ್ಲೇ ಇತ್ತು. ಜಗಳದಲ್ಲಿ ಹೋದ್ರೆ ಗುರುರಾಜ್‌ಗೆ ಹೆದರಿ ಓಡಿಹೋದ ಅಂತಾರಲ್ಲ, ಅದಕ್ಕೇ ಹಿಂದೆಮುಂದೆ ನೋಡ್ತಿದ್ದ. ಈಗ ನಿಶ್ಚಿಂತೆಯಿಂದ ಹೋಗ್ತೀನಿ ಅಂದ. ಎಲ್ಲಾ ನಿನ್ನ ನಾಟಕದಿಂದ!"

ನನ್ನ ನಾಟಕದಿಂದ. ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಣಗಿರಲಿಲ್ಲ, ಆದರೂ ತೆಗೆದೆ. ಜಗಳವೇ ಅವಳನ್ನು ಇಲ್ಲಿ ಹಿಡಿದಿಟ್ಟಿತ್ತು. ಆ ಜಗಳವನ್ನು ನಾನೇ ಕೂತು, ಕವಚ ಹೊಲಿದು, ಗಡ್ಡ ಕತ್ತರಿಸಿ, ಮುಗಿಸಿದೆ.

20 ಜನವರಿ 2007, ಶನಿವಾರ, 11.30

ನಾಲ್ಕಕ್ಕೆ ವಿಮಾನ. ಕೊನೆಯ ಊಟ ನಮ್ಮಲ್ಲೇ. ಹೊರಗೆ ದಳಪತಿಗಳು ಪೆಟ್ಟಿಗೆಗಳನ್ನು ಹಿಂದೆ ತೆರೆದ ಯೂಟ್ ಗಾಡಿಗೆ ಹೇರುತ್ತಿದ್ದಾರೆ. ಇವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾರೆ. ನಾಚಿಕೆ ಇಲ್ಲ!

ಅಡುಗೆಮನೆಯಲ್ಲಿ ಮಯೂರಿ ಹಿಟ್ಟಿನ ಕೈಯಲ್ಲೇ ತಿರುಗಿ ಕೇಳಿದಳು — "ಖರೇ ಹೇಳ್ರಿ ಭಾನಕ್ಕ. ಅವ್ರಿಬ್ರನ್ನ ಒಂದ ಮಾಡಾಕಂತ ಆ ನಾಟಕಾ ಬರದ್ರೇನು? ಯಾಕ್ರೀ? ಸಂತಿಯೊಳಗರೇ ಸಿಗ್ತಿದ್ವಲ್ರೀ ನಾವು!"

ಕನ್ನಡಕ ಹುಡುಕುತ್ತೇನೆ ಎಂದು ರೂಮಿಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ. ಕನ್ನಡಕ ಮೂಗಿನ ಮೇಲೇ ಇದೆ.

ಬಾಗಿಲು ಬಡಿಯುತ್ತಿದ್ದಾಳೆ. "ಭಾನಕ್ಕ, ಬಾಗ್ಲಾ ತಗೀರಿ. ಅಳೂದಾದ್ರ ಇಬ್ರೂ ಕೂಡೇ ಅಳೂಣು."

ಅಳುತ್ತಿಲ್ಲ ಎಂದು ಕೂಗಿದೆ. ಅಳುತ್ತಿಲ್ಲ. ಸಿಟ್ಟು ಬಂದಿದೆ, ಅಷ್ಟೇ. ಇವರ ಮೇಲೆ, ಮನೋಹರನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಈಗ ಬಾಗಿಲು ತೆಗೆದರೆ ಅಳುವುದು ಖಂಡಿತ. ತೆಗೆಯುತ್ತೇನೆ.